ಉಯ್ಯಾಲೆ ನೂಕದ ಮೇಡಂ

ಹೋದ ವಾರ ಒಂದು ಗೂಡ್ಸ್ ಆಟೋದಲ್ಲಿ ಅವರ ಉಯ್ಯಾಲೆ ನಮ್ಮ ಮನೆಗೆ ಬಂತು. ತೇಗದ ಹಲಗೆ, ಹಿತ್ತಾಳೆ ಸರಪಳಿಗಳು, ಜೊತೆಗೆ ಬಣ್ಣ ಮಾಸಿದ ಒಂದು ದಿಂಬು. ಮೈಸೂರಿನಲ್ಲಿರುವ ಅವರ ತಂಗಿ ಮೊದಲೇ ಫೋನ್ ಮಾಡಿ, "ಅಕ್ಕ ಇದನ್ನ ನಿಮ್ಗೇ ಕೊಡ್ಬೇಕು ಅಂದಿದ್ಲು, ಬೇಡ ಅನ್ಬೇಡಿ" ಎಂದಿದ್ದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಬಡಗಿ ಬಂದು ಹಾಲ್‌ನ ಸೂರಿಗೆ ಕೊಕ್ಕೆ ಬಿಗಿದು, ಹಲಗೆ ತೂಗಿಹಾಕಿ, "ಕೂತ್ಕೊಂಡು ನೋಡಿ ಅಕ್ಕ" ಎಂದ. ಕೂತೆ. ಬನಶಂಕರಿಯ ಮಧ್ಯಾಹ್ನದ ಬಿಸಿಲು ಕಿಟಕಿಯ ಸರಳುಗಳ ನಡುವೆ ಬಂದು ನೆಲದ ಮೇಲೆ ಬಿದ್ದಿತ್ತು. ಪಕ್ಕದ ಜಾಗ ಖಾಲಿಯಿತ್ತು. ಆ ಜಾಗವನ್ನು ನಾನು ಕೈಯಿಂದ ಒಮ್ಮೆ ಸವರಿದೆ. ಬಡಗಿ ಧೂಳಿದೆಯೇನೋ ಅಂದುಕೊಂಡು ಬಟ್ಟೆ ಹುಡುಕಿದ.

ಅವರನ್ನು ನಾನು ಕಡೆಯವರೆಗೂ ಮೇಡಂ ಎಂದೇ ಕರೆದೆ. ಇಲ್ಲೂ ಹಾಗೇ ಕರೆಯುತ್ತೇನೆ. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಕಾಟನ್ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ಯಾವುದೋ ಫ್ಯಾಕ್ಟರಿಯಲ್ಲಿ ನೌಕರರ ವಿಭಾಗ ನೋಡಿಕೊಳ್ಳುತ್ತಿದ್ದು, ರಿಟೈರಾದ ಮೇಲೆ ಅದೇನೋ ಕೋರ್ಸ್ ಮಾಡಿ, ಜಯನಗರದ ತಮ್ಮ ಹಳೇ ಮನೆಯ ಗೇಟಿಗೆ 'ಲೈಫ್ ಕೋಚ್' ಎಂದು ಒಂದು ಪುಟ್ಟ ಬೋರ್ಡು ಹಾಕಿಕೊಂಡಿದ್ದರು. ಅದರ ಪಕ್ಕದಲ್ಲೇ 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡೂ ಇತ್ತು. ನಾಯಿ ಸತ್ತು ವರ್ಷಗಳೇ ಆಗಿದ್ದವು. "ಎರಡರಲ್ಲಿ ಯಾವ್ದಕ್ಕೆ ಹೆದರ್ಬೇಕು ಅಂತ ಜನಕ್ಕೆ ಗೊತ್ತಾಗಲ್ಲ ಕಣ್ರೀ" ಎಂದು ನಗುತ್ತಿದ್ದರು.

ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ಜೀವನದ ವಿಷಯ ಹೇಳುತ್ತಾರಂತೆ ಎಂದು ಕೇಳಿ, ಕೆಲವರು ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟುಕೊಂಡು ಮಗಳ ಜಾತಕದ ಜೊತೆ ಬರುತ್ತಿದ್ದರು. ಮೇಡಂ ಯಾರನ್ನೂ ಬಾಗಿಲಿಂದ ಕಳಿಸಿದವರಲ್ಲ. ಒಳಗೆ ಕರೆದು ಕಾಫಿ ಕೊಟ್ಟು, ಬಾಳೆಹಣ್ಣನ್ನು ಅವರಿಗೇ ಸುಲಿದು ಕೊಡುತ್ತಿದ್ದರು. ನಾನಿದ್ದಾಗಲೇ ಒಬ್ಬರು ಹಿರಿಯರು ಬಂದಿದ್ದರು. "ನಾನು ಭವಿಷ್ಯ ಹೇಳಲ್ಲ ಸಾರ್. ನೀವು ಹೇಳ್ತೀರಿ, ನಾನು ಕೇಳಿಸ್ಕೋತೀನಿ" ಎಂದರು ಮೇಡಂ.

"ಕೇಳಿಸ್ಕೊಳ್ಳೋಕೆ ನಮ್ಮನೇಲಿ ಸೊಸೆ ಇದಾಳಲ್ಲಮ್ಮ?"

"ಕೇಳಿಸ್ಕೋತಾಳಾ?"

ಹಿರಿಯರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಎದ್ದು ಹೋಗಿ ಉಯ್ಯಾಲೆಯ ಮೇಲೆ ಕೂತರು. ನಾನು ಅಡುಗೆಮನೆಗೆ ಸರಿದುಕೊಂಡೆ.

ನನ್ನ ಮತ್ತು ಅವರ ಪರಿಚಯವಾದದ್ದು ಸೀರೆಯಿಂದ. ನಾನು ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ನಮ್ಮ ಬೀದಿಯಲ್ಲಿ ನನ್ನನ್ನು ಕುಚ್ಚಿನ ಅಕ್ಕ ಎನ್ನುತ್ತಾರೆ. ಅವರು ತಮ್ಮ ತಾಯಿಯ ರೇಷ್ಮೆ ಸೀರೆ ತಂದಿದ್ದರು. ನಾನು ದಾರದ ಉಂಡೆಗಳನ್ನೆಲ್ಲ ಮುಂದೆ ಹರಡಿದರೆ, ಒಂದೊಂದನ್ನೂ ಸೆರಗಿನ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ, "ನಂಗೆ ಗೊತ್ತಾಗ್ತಿಲ್ಲ. ನೀವೇ ಹೇಳಿ" ಎಂದರು. ಅರಿಶಿನಕ್ಕೆ ಕುಂಕುಮದ ಬಣ್ಣ ಸೇರಿಸೋಣ ಎಂದೆ. ಸಮಾಧಾನದಿಂದ ನಿಟ್ಟುಸಿರು ಬಿಟ್ಟರು. ಊರವರ ಗೊಂದಲವನ್ನೆಲ್ಲ ಬಿಡಿಸುವುದು ಈಕೆಯ ಕೆಲಸ ಎಂದು ಆಮೇಲೆ ತಿಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಸಾರಕ್ಕಿ ಮಾರ್ಕೆಟ್ಟಿನಲ್ಲೂ ಅವರದು ಇದೇ ಕಥೆ. ಹೀರೇಕಾಯಿಯೋ ಬದನೇಕಾಯಿಯೋ ಎಂದು ನಿಂತುಬಿಟ್ಟರೆ, ತರಕಾರಿಯವಳು, "ಮೇಡಂ, ಊರಿಗೆಲ್ಲ ಬುದ್ಧಿ ಹೇಳ್ತೀರಂತೆ, ಕಾಲು ಕೆಜಿ ಬದ್ನೇಕಾಯ್‌ಗೆ ಇಷ್ಟೊತ್ತಾ?" ಎಂದು ರೇಗಿಸುವಳು. "ಹೇಳಲ್ಲಮ್ಮ, ಬರೀ ಕೇಳ್ತೀನಿ" ಎನ್ನುವರು ಇವರು. ಹಾಗೆಂದು ಬ್ಯಾಗು ಅವಳ ಮುಂದೆ ಹಿಡಿದು, ಅವಳು ಹಾಕಿದ್ದನ್ನೇ ತೆಗೆದುಕೊಂಡು ಬರುವರು.

ಆ ದಿನಗಳಲ್ಲಿ ನಾನೇ ಗೊಂದಲದ ಮುದ್ದೆಯಾಗಿದ್ದೆ. ಯಜಮಾನರು ತೀರಿಕೊಂಡಿದ್ದರು. ನಮಗೆ ಮಕ್ಕಳಿರಲಿಲ್ಲ. ಅಣ್ಣ ತಲಘಟ್ಟಪುರದಲ್ಲಿ ಮನೆ ಕಟ್ಟಿಸಿ, ಮಹಡಿಯ ಮೇಲೆ ನನಗೆಂದೇ ಒಂದು ರೂಮು ಇಟ್ಟಿದ್ದ. "ಒಬ್ಳೇ ಯಾಕಮ್ಮ ಇರ್ತೀಯ? ಬಂದ್ಬಿಡು. ಸೂಜಿ ಹಿಡ್ಕೊಂಡು ಕಣ್ಣು ಹಾಳ್ಮಾಡ್ಕೊಂಡಿದ್ದು ಸಾಕು" ಎನ್ನುತ್ತಿದ್ದ. ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಅಷ್ಟು ಕಷ್ಟವೇ ಆಗುತ್ತಿರಲಿಲ್ಲ. ಹೋದರೆ ಈ ಕಿಟಕಿ ಹೋಗುತ್ತದೆ, ಮಧ್ಯಾಹ್ನ ಬೀದಿಯ ಹೆಂಗಸರು ಬಂದು ಗೋಡೆಗೊರಗಿ ಕೂತು ಮಾತಾಡುತ್ತಾ ಮಣಿ ಪೋಣಿಸುವುದು ಹೋಗುತ್ತದೆ, ಕುಚ್ಚಿನ ಅಕ್ಕ ಹೋಗಿ ಮಹಡಿ ರೂಮಿನ ಅತ್ತೆ ಉಳಿಯುತ್ತಾಳೆ. ಆದರೆ ಇದನ್ನೆಲ್ಲ ಈಗ ಬರೆಯುವಷ್ಟು ಸಲೀಸಾಗಿ ಆಗ ನನಗೆ ನಾನೇ ಹೇಳಿಕೊಂಡವಳಲ್ಲ. ಎದೆಯ ಮೇಲೆ ಏನೋ ಕೂತಿದೆ ಅನ್ನಿಸುತ್ತಿತ್ತು, ಅಷ್ಟೇ.

ನಮ್ಮ ಮನೆತನದಲ್ಲಿ ಇಂಥ ಮಾತು ಬಂದರೆ ಮನೆದೇವರು ವೀರಭದ್ರಸ್ವಾಮಿಯ ಮುಂದೆ ಹೂ ಕೇಳುವುದು ರೂಢಿ. ಪೂಜಾರಪ್ಪ ದೇವರ ಎರಡೂ ಭುಜದ ಮೇಲೆ ಒದ್ದೆ ಹೂ ಇಡುತ್ತಾರೆ. ನಾವು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರುತ್ತೇವೆ. ಬಲಭುಜದ ಹೂ ಬಿದ್ದರೆ ಆಗಬಹುದು, ಎಡಭುಜದ್ದು ಬಿದ್ದರೆ ಬೇಡ. ನನ್ನ ಮದುವೆಯೂ ಹಾಗೇ ಆಗಿದ್ದು, ಈ ಮನೆಗೆ ಬಂದದ್ದೂ ಹಾಗೇ. ಅಣ್ಣನ ಮನೆಗೆ ಹೋಗುವುದಕ್ಕೂ ಅಣ್ಣನೇ ಕರೆದುಕೊಂಡು ಹೋಗಿ ಹೂ ಕೇಳಿಸಿದ. ಬಲಗಡೆ ಹೂವಾಯಿತು. ಅಣ್ಣ ಕೈ ಮುಗಿದು, ಕಣ್ಣೊರೆಸಿಕೊಂಡು, ಯುಗಾದಿ ಕಳೆದ ಮೇಲೆ ಸಾಮಾನು ಸಾಗಿಸೋಣ ಎಂದ. ನಾನೂ ತಲೆಯಾಡಿಸಿದೆ. ಮನೆಗೆ ಬಂದು ಸೂಜಿ ಹಿಡಿದರೆ ಒಂದು ಗಂಟಿನಂತೆ ಇನ್ನೊಂದು ಬೀಳಲಿಲ್ಲ. ಮೇಡಂ ಸೀರೆ ತೆಗೆದುಕೊಳ್ಳಲು ಬಂದದ್ದು ಅದರ ಮಾರನೇ ದಿನ. ಕುಚ್ಚನ್ನು ಬೆರಳಿಂದ ಸವರಿ, "ಇಲ್ಲಿಂದ ಇಲ್ಲೀವರ್ಗೂ ಬೇರೆ ಯಾರೋ ಕಟ್ಟಿದ ಹಾಗಿದೆ" ಎಂದರು. ನನಗೆ ಅಳು ಬಂದುಬಿಟ್ಟಿತು. ಅವರು ಯಾಕೆ ಎಂದು ಕೇಳಲಿಲ್ಲ. "ಬಿಡುವಾದಾಗ ಮನೆ ಕಡೆ ಬನ್ನಿ, ಉಯ್ಯಾಲೆ ಮೇಲೆ ಕೂತ್ಕೊಳೋಣ" ಎಂದು ಹೋದರು.

ಅವರ ಮನೆಯ ಹಾಲ್ ನೆನೆಸಿಕೊಂಡರೆ ಈಗಲೂ ಅರೆನಿದ್ದೆ ಬಂದಂತಾಗುತ್ತದೆ. ಹೊರಗೆ ಹೊಂಗೆ ಮರ. ಹೂ ಉದುರುವ ಕಾಲದಲ್ಲಿ ಕಾಂಪೌಂಡೆಲ್ಲ ಅಕ್ಕಿ ಚೆಲ್ಲಿದಂತೆ ಕಾಣುತ್ತಿತ್ತು. ಒಳಗೆ ತಣ್ಣನೆಯ ಕೆಂಪು ನೆಲ, ಎಲ್ಲೋ ಒಂದು ಗಡಿಯಾರದ ಸದ್ದು, ದೂರದ ರಸ್ತೆಯ ಹಾರ್ನುಗಳು ನೀರಿನಡಿಯಿಂದ ಬಂದ ಹಾಗೆ. ಉಯ್ಯಾಲೆಯ ಮೇಲೆ ಇಬ್ಬರೂ ಪಕ್ಕಪಕ್ಕ, ಮುಖ ಕಿಟಕಿಯ ಕಡೆಗೆ. "ಎದುರುಬದುರು ಕೂತ್ರೆ ಇಂಟರ್‌ವ್ಯೂ ಆಗೋಗುತ್ತೆ. ಫ್ಯಾಕ್ಟರೀಲಿ ಅದನ್ನ ಬೇಕಾದಷ್ಟು ಮಾಡಿದೀನಿ. ಪಕ್ಕದಲ್ಲಿ ಕೂತ್ರೆ ಬಸ್ಸು. ಬಸ್ಸಲ್ಲಿ ಜನ ನಿಜ ಹೇಳ್ತಾರೆ" ಎನ್ನುವುದು ಅವರ ಸಿದ್ಧಾಂತ. ಅವರು ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ನಾನು ಮರ್ಯಾದೆಗೆ ನನ್ನ ಕಾಲನ್ನೂ ಮೇಲೆ ಮಡಚಿಕೊಂಡೆ. ಉಯ್ಯಾಲೆ ಅಲ್ಲಾಡದೆ ನಿಂತೇ ಇತ್ತು.

ಅಣ್ಣನ ಒಳ್ಳೆಯತನ, ಅತ್ತಿಗೆಯ ಮಂಡಿನೋವು, ಯಜಮಾನರಿದ್ದಿದ್ದರೆ ಏನನ್ನುತ್ತಿದ್ದರು, ದೇವರು ಕೊಟ್ಟ ಹೂ, ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಹೋದರೇನೋ ಎಂದು ನನಗೆ ಅನುಮಾನ. ನಾನು ಮುಗಿಸಿದ ಮೇಲೆ, "ನಿಮ್ಮ ಮಾತಲ್ಲಿ ಎಲ್ರೂ ಬಂದ್ರು. ನೀವೊಬ್ರು ಬರ್ಲಿಲ್ಲ" ಎಂದರು.

"ನೀವೇ ಹೇಳಿ ಮೇಡಂ, ಹೋಗ್ಲಾ ಬೇಡ್ವಾ?"

"ನಾನು ಹೇಳೋಳಲ್ಲಮ್ಮ."

ನನಗೆ ಸಿಟ್ಟೇ ಬಂತು. ಮತ್ತಿನ್ನೇನಕ್ಕೆ ಬೋರ್ಡು ಹಾಕಿಕೊಂಡಿದ್ದಾರೆ ಎಂದು ಗೊಣಗಿಕೊಂಡು ಮನೆಗೆ ಬಂದೆ. ಆದರೂ ಮುಂದಿನ ವಾರ ಹೋದೆ. ಅವತ್ತೂ ಹೀಗೇ. ಹಲಗೆ ನಿಂತಿತ್ತು, ಮೇಡಂ ಕಣ್ಣು ಮುಚ್ಚಿದ್ದರು, ಕಿಟಕಿಯಾಚೆ ಹೊಂಗೆ ಹೂ ಒಂದೊಂದಾಗಿ ಇಳಿಯುತ್ತಿತ್ತು. ನಾನು ಅದನ್ನೇ ನೋಡುತ್ತಾ ಮಾತು ಮರೆತೆ. ಆಗ ಮೇಡಂ ಯಾವುದೋ ಹಳೇ ವಿಷಯ ನೆನಪಾದವರ ಹಾಗೆ ಕೇಳಿದರು.

"ದೇವ್ರು ಹೂ ಕೊಡೋಕೆ ಮುಂಚೆ, ನೀವು ಯಾವ ಹೂವನ್ನ ನೋಡ್ತಾ ಇದ್ರಿ?"

ಕಣ್ಣ ಮುಂದೆ ಗುಡಿ ಬಂತು. ಎಣ್ಣೆಯ ಜಿಡ್ಡಿನ ಕಪ್ಪು ಮೂರ್ತಿ, ಬೆಳ್ಳಿಯ ಕಣ್ಣು, ದೀಪದ ಹೊಗೆ, ಪಕ್ಕದಲ್ಲಿ ಅಣ್ಣನ ಉಸಿರು. ಎಡಭುಜದ ಮೇಲೆ ಒಂದು ಸೇವಂತಿಗೆ. ಅದರ ತುದಿಯಲ್ಲಿ ಒಂದು ಹನಿ ನೀರು. ಆ ಹನಿ ತುಂಬಿಕೊಳ್ಳುತ್ತಿತ್ತು, ತೂಗುತ್ತಿತ್ತು, ಇನ್ನೇನು ಅದರ ಭಾರಕ್ಕೆ ಹೂ ಜಾರುತ್ತದೆ ಎಂದು ನಾನು ಉಸಿರು ಹಿಡಿದಿದ್ದೆ. ಬಲಗಡೆ ಯಾವ ಹೂವಿತ್ತು, ಅದು ಯಾವಾಗ ಬಿತ್ತು, ನಾನು ನೋಡಿಯೇ ಇರಲಿಲ್ಲ. ಅಣ್ಣ ಕೈ ಮುಗಿದಾಗಲೇ ನನಗೆ ತಿಳಿದದ್ದು.

"ಎಡಗಡೇದು" ಎಂದೆ.

ಅವರು ಶಹಭಾಸ್ ಎನ್ನಲಿಲ್ಲ, ಹಾಗಾದರೆ ಹೋಗಬೇಡಿ ಎಂದೂ ಅನ್ನಲಿಲ್ಲ. ದೇವರ ಹೂವಿನ ಬಗ್ಗೆ ಒಂದು ಹಗುರ ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ಗಾಳಿ ಬಂದಂತಾಯಿತು. ನೋಡಿದರೆ ಉಯ್ಯಾಲೆ ಆಡುತ್ತಿದೆ. ನನ್ನ ಕಾಲು ಯಾವಾಗಲೋ ಕೆಳಗಿಳಿದು, ಹೆಬ್ಬೆರಳು ನೆಲವನ್ನು ಮೀಟುತ್ತಿತ್ತು. ಅವರ ಕಾಲು ಮಡಚಿದಂತೆಯೇ ಇತ್ತು. ಅವರು ಎಂದೂ ನೂಕುವುದಿಲ್ಲ, ಪಕ್ಕದಲ್ಲಿ ಕೂತವರೇ ನೂಕಬೇಕು ಎಂದು ನನಗೆ ಹೊಳೆದದ್ದು ಆಗ.

ಅಣ್ಣನಿಗೆ ಹೇಳುವುದು ಸುಲಭವಾಗಲಿಲ್ಲ. ಯುಗಾದಿಗೆ ಎರಡು ದಿನ ಮುಂಚೆ ಬಂದು, ದೇವರು ಕೊಟ್ಟ ಹೂವಿಗೆ ಎದುರಾಡುತ್ತೀಯಾ ಎಂದು ಕೂಗಾಡಿದ. ನಾನು ಕಿಟಕಿಯ ಹತ್ತಿರ ಕುಚ್ಚು ಕಟ್ಟುತ್ತಲೇ ಇದ್ದೆ. ಒಂದು ಗಂಟೂ ತಪ್ಪಲಿಲ್ಲ. "ಬಲಗಡೆ ಹೂ ಕೊಟ್ಟಿದ್ದೂ ಅವನೇ. ಎಡಗಡೆ ನೋಡೋ ಕಣ್ಣು ಕೊಟ್ಟಿದ್ದೂ ಅವನೇ ಅಲ್ವೇನಣ್ಣ?" ಎಂದೆ. ಅಣ್ಣ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದ. ಬೇವು ಬೆಲ್ಲಕ್ಕೂ ಕರೆಯಲಿಲ್ಲ. ಶ್ರಾವಣದ ಹೊತ್ತಿಗೆ ಅತ್ತಿಗೆಯ ಸೀರೆ ಹಿಡಿದುಕೊಂಡು ಬಂದು, "ಇದಕ್ಕೊಂದು ಕುಚ್ಚು ಹಾಕ್ಕೊಡು" ಎಂದ. ನನ್ನಣ್ಣನಿಗೆ ಸೋತೆ ಎನ್ನಲು ಬರುವುದಿಲ್ಲ. ಸೀರೆ ತರಲು ಬರುತ್ತದೆ.

ಆಮೇಲೆ ನಾನು ಅವರಲ್ಲಿಗೆ ಹೋಗುವುದು ಸುಮ್ಮನೆ ಅಭ್ಯಾಸವಾಯಿತು. ಕೆಲವು ದಿನ ಬೆಳಗ್ಗೆ ಇಬ್ಬರೂ ಸಾರಕ್ಕಿ ಕೆರೆ ಸುತ್ತುತ್ತಿದ್ದೆವು. ಚಳಿಗಾಲದ ಮಂಜಿನಲ್ಲಿ ಆಚೆ ದಡದ ಕಟ್ಟಡಗಳು ಇವೆಯೋ ಇಲ್ಲವೋ ಎನ್ನುವಂತೆ ನಿಂತಿರುತ್ತಿದ್ದವು. ಹಾಗೊಮ್ಮೆ ಸುತ್ತುವಾಗ ಕೇಳಿದೆ, ಒಂದು ಸಲವಾದರೂ ಯಾರಿಗೂ ಹೀಗೆ ಮಾಡಿ ಎಂದು ಹೇಳಿಲ್ಲವಾ ಎಂದು.

"ಶುರೂನಲ್ಲಿ ಒಬ್ಬನಿಗೆ ಹೇಳ್ಬಿಟ್ಟಿದ್ದೆ. ಕೆಲಸ ಬಿಡ್ಲಾ ಅಂದ. ಬಿಡಪ್ಪ ಅಂದೆ."

"ಕೆಟ್ಟದಾಯ್ತಾ?"

"ಇಲ್ಲ ಕಣ್ರೀ, ಒಳ್ಳೇದಾಯ್ತು. ಅದೇ ತೊಂದ್ರೆ ಆಗಿದ್ದು. ಆಮೇಲೆ ಯಾವ ಬಣ್ಣದ ಫ್ರಿಜ್ ತಗೊಳ್ಲಿ ಅಂತ ಕೇಳೋಕೆ ಬಂದ. ಮಗೂಗೆ ಏನು ಹೆಸರಿಡ್ಲಿ ಅಂತ ಬಂದ. ಅವನ ಹೆಂಡ್ತಿ ಒಂದಿನ ಗೇಟ್ ಹತ್ರ ನಿಂತ್ಕೊಂಡು ನನ್ನ ದುರುಗುಟ್ಕೊಂಡು ನೋಡಿದ್ಲು ನೋಡಿ, ಅವತ್ತಿಂದ ಬಾಯಿ ಮುಚ್ಕೊಂಡೆ." ಅವರು ನಕ್ಕರು. ನೀರುಕೋಳಿಯೊಂದು ಮುಳುಗಿ, ಇನ್ನೆಲ್ಲೋ ಎದ್ದಿತು.

ಬಾಯಿ ಮುಚ್ಚಿಕೊಂಡದ್ದೇ ದೊಡ್ಡತನ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಮುಚ್ಚಿಕೊಳ್ಳಬಾರದು ಎನ್ನುವುದೂ ಅವರಿಗೆ ಗೊತ್ತಿತ್ತು. ಬಿಟಿಎಂ ಲೇಔಟಿನ ಪಿಜಿಯಿಂದ ಒಬ್ಬಳು ಹುಡುಗಿ ಬರುತ್ತಿದ್ದಳು. ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ, ಬೆಳಗ್ಗೆ ಎದ್ದಾದರೂ ಏನು ಮಾಡಬೇಕು ಎಂದಳಂತೆ. ಮೇಡಂ ಅವಳನ್ನು ಉಯ್ಯಾಲೆಯ ಮೇಲೆ ಕೂರಿಸಲೇ ಇಲ್ಲ. "ಇದು ನನ್ನ ಕೆಲಸ ಅಲ್ಲ ಪುಟ್ಟ, ಡಾಕ್ಟ್ರ ಕೆಲಸ. ನಡಿ, ಜೊತೇಲಿ ಹೋಗೋಣ" ಎಂದು ಶೂ ಹಾಕಿಕೊಂಡು ಆಟೋ ಹತ್ತಿಸಿದರು. ಡಾಕ್ಟರ ಬಾಗಿಲಲ್ಲಿ ಅವಳು ಹೊರಗೆ ಬರುವವರೆಗೂ ಕೂತಿದ್ದರು. ಆಮೇಲೂ ಎಷ್ಟೋ ದಿನ ಅವಳ ಜೊತೆ ಹೋಗಿ ಕೂರುತ್ತಿದ್ದರು. ಆ ಹುಡುಗಿ ಮೇಡಂ ಅವರ ಹನ್ನೊಂದನೇ ದಿನದ ಕಾರ್ಯಕ್ಕೆ ಬಂದು, ಎಲ್ಲರಿಗಿಂತ ಹಿಂದೆ ನಿಂತು, ಎಲ್ಲರಿಗಿಂತ ಹೆಚ್ಚು ಅತ್ತಳು.

ಮೇಡಂ ಹೋದದ್ದು ದೀಪಾವಳಿಯಾದ ಮೇಲೆ, ಮಧ್ಯಾಹ್ನದ ನಿದ್ದೆಯಲ್ಲಿ. ಹಾಗಾಗಬಹುದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದು ಗೊತ್ತಾದ ಮಧ್ಯಾಹ್ನವೊಂದಿದೆ. ಉಯ್ಯಾಲೆ ನಮ್ಮ ಮನೆಗೆ ಬಂದ ದಿನದಿಂದ ನಾನು ಅದನ್ನೇ ನೆನೆಯುತ್ತಿದ್ದೇನೆ.

ಆಗ ಬೇಸಿಗೆ. ಹೊಂಗೆ ಮತ್ತೆ ಹೂ ಬಿಟ್ಟಿತ್ತು. ಅವರಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೃದಯದ ಕವಾಟ ಸವೆದಿದೆ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ ಮಾಡಿಸಿದರೆ ಹೆಚ್ಚು ದಿನ ಬದುಕಬಹುದು, ಈ ವಯಸ್ಸಿಗೆ ಟೇಬಲ್ಲಿನ ಮೇಲೇ ಏನಾದರೂ ಆಗಲೂಬಹುದು, ಮಾಡಿಸದಿದ್ದರೆ ಇರುವಷ್ಟು ದಿನ ಹೀಗೇ ಮನೆಯಲ್ಲಿ, ನಿಮ್ಮಿಷ್ಟ ಎಂದಿದ್ದರಂತೆ. ಮೈಸೂರಿನ ತಂಗಿ ಮಾಡಿಸಲೇಬೇಕೆಂದು ಫೋನಿನಲ್ಲಿ ಅಳುತ್ತಿದ್ದರು. ಮರುದಿನ ಬೆಳಗ್ಗೆ ಆಸ್ಪತ್ರೆಗೆ ಹೌದೋ ಅಲ್ಲವೋ ತಿಳಿಸಬೇಕಿತ್ತು.

ನಾವಿಬ್ಬರೂ ಉಯ್ಯಾಲೆಯ ಮೇಲೆ ಕೂತಿದ್ದೆವು. ಅವರ ಕಾಲು ಎಂದಿನಂತೆ ಮೇಲೆ. ನಾನು ಮೆಲ್ಲಗೆ ಮೀಟುತ್ತಿದ್ದೆ. ಅವರಿಗೆ ತೂಗಿಕೊಂಡಿದ್ದರೆ ಉಸಿರು ಸರಾಗವಾಗುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದರು. ಅಂಗೈ ತಣ್ಣಗಿತ್ತು.

"ನಂಗೆ ಗೊತ್ತಾಗ್ತಿಲ್ಲ ಕಣ್ರೀ. ನೀವೇ ಹೇಳಿ."

ದಾರದ ಬಣ್ಣ ಕೇಳಿದ ಅದೇ ದನಿ. ಮಾಡಿಸಿಕೊಳ್ಳಿ ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿ ಇತ್ತು. ನನಗೆ ಅವರು ಬೇಕಾಗಿದ್ದರು. ಇನ್ನೂ ಬೇಕಾದಷ್ಟು ಚಳಿಗಾಲಗಳು ಬೇಕಾಗಿದ್ದವು, ಕೆರೆಯ ಮಂಜು ಬೇಕಾಗಿತ್ತು. ನಾನು ಹೇಳಿದ್ದರೆ ಅವರು ಖಂಡಿತ ಕೇಳುತ್ತಿದ್ದರು, ತರಕಾರಿಯವಳ ಮುಂದೆ ಬ್ಯಾಗು ಹಿಡಿದ ಹಾಗೆ. ಅದು ಗೊತ್ತಿದ್ದರಿಂದಲೇ ನನ್ನ ಎರಡೂ ಕಾಲನ್ನು ಎತ್ತಿ ಹಲಗೆಯ ಮೇಲೆ ಮಡಚಿಕೊಂಡೆ.

ಉಯ್ಯಾಲೆ ಮೆಲ್ಲಗಾಗುತ್ತಾ ಬಂತು. ಸರಪಳಿಯ ಸದ್ದು ಸಣ್ಣಗಾಗಿ ನಿಂತಿತು. ಹಲಗೆಯೂ ನಿಂತಿತು. ಅವರು ನನ್ನ ಕಾಲನ್ನು ನೋಡಿದರು. ಮೊದಲು ಸಿಟ್ಟು ಬಂದಂತೆ ಕಂಡಿತು, ಆಮೇಲೆ ತುಟಿಯ ಒಂದು ಮೂಲೆಯಲ್ಲಿ ನಗು. ಕಣ್ಣು ಮುಚ್ಚಿಕೊಂಡರು. ಕಿಟಕಿಯಾಚೆ ಹೂ ಉದುರುತ್ತಿತ್ತು. ಸಂಜೆಯ ಬಿಸಿಲು ಕೆಂಪು ನೆಲವನ್ನು ದಾಟಿ ಗೋಡೆಯನ್ನು ಹತ್ತಿತ್ತು. ನನಗೆ ಎದೆ ಒಡೆದುಹೋಗುವಷ್ಟು ದುಃಖವಾಗುತ್ತಿತ್ತು, ಆದರೂ ಕಾಲು ಕೆಳಗಿಡಲಿಲ್ಲ.

"ಬೇಡ" ಎಂದರು, ಕಣ್ಣು ಬಿಡದೆ. "ಈ ಮರ ಇಲ್ಲಿಂದಾನೇ ನೋಡ್ಕೊಂಡಿರ್ತೀನಿ."

ನಾನು ಹೂಂ ಎಂದೆ.

"ನೀವು ಯಾವ ಹೂವನ್ನ ನೋಡ್ತಾ ಇದ್ರಿ?"

ಸೆರಗಿನಿಂದ ಮುಖ ಮುಚ್ಚಿಕೊಂಡೆ.

"ಗೊತ್ತು ಬಿಡಿ" ಎಂದು ನನ್ನ ಮಂಡಿಯನ್ನು ಎರಡು ಸಲ ತಟ್ಟಿದರು. ಆಮೇಲೆ ಹಲಗೆ ಸಣ್ಣಗೆ ಕದಲಿತು. ಸೆರಗು ಸರಿಸಿ ನೋಡಿದೆ. ಮೇಡಂ ಒಂದು ಕಾಲನ್ನು ಕಷ್ಟಪಟ್ಟು ಕೆಳಗಿಳಿಸಿ, ಹೆಬ್ಬೆರಳನ್ನು ಕೆಂಪು ನೆಲಕ್ಕೆ ಊರಿ, ನಮ್ಮಿಬ್ಬರನ್ನೂ ತೂಗುತ್ತಿದ್ದರು.